ಸಬೂಬಿಗೆ ಜಾಗವಿಲ್ಲದ ಮಾತುಕತೆ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯಲ್ಲಿ ಮನೆಯ ಜಗಳ ಇಂದಿಗೂ ಮೊದಲು ಹೋಗುವುದು ಹಿರಿಯರ ಮುಂದೆ. ಗುಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ದೈವ, ಅಂದರೆ ಊರ ಹಿರಿಯರ ಸಭೆ, ಕೂಡುತ್ತದೆ. ಕಬ್ಬಿನ ಹೊಲದ ವಾಟ್ನಿ (ಪಾಲು), ಅಣ್ಣತಮ್ಮಂದಿರ ಬದುವಿನ ತಕರಾರು ಅಲ್ಲಿ ಬಗೆಹರಿದದ್ದುಂಟು. ಗಂಡ-ಹೆಂಡತಿಯ ಜಗಳಕ್ಕೆ ಮಾತ್ರ ಕಟ್ಟೆ ಸಾಲದು. ಊರೆಲ್ಲ ಕೇಳುವಂತೆ ಹೆಣ್ಣುಮಗಳು ತನ್ನ ಸಂಕಟ ಹೇಳಿಕೊಳ್ಳಲಾರಳು. "ಹೊಂದ್ಕೊಂಡ ಹೋಗವಾ" ಎಂಬ ಬುದ್ಧಿಮಾತು ಹೆಚ್ಚಾಗಿ ಸಿಗುವುದೂ ಅವಳಿಗೇ.

ಆಪ್ತಸಮಾಲೋಚನೆ ಬೇಕಾಗುವುದು ಇಲ್ಲಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವಾಗಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಿಂದ ತಾಲ್ಲೂಕು ಸಮಿತಿಗಳಿಗೂ ಲೋಕ ಅದಾಲತ್‌ಗೂ ಕಾನೂನಿನ ಬಲ ಬಂತು. ನೊಂದ ಮಹಿಳೆಯರಿಗಾಗಿ ರಾಜ್ಯ ಸರ್ಕಾರ 2000-01ರಲ್ಲಿ ಸಾಂತ್ವನ ಯೋಜನೆ ಆರಂಭಿಸಿತು.

ಇವೆಲ್ಲಕ್ಕಿಂತ ಗಮನಾರ್ಹವಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಅದರ 14ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ದಂಪತಿಯನ್ನು ಒಟ್ಟಿಗೆ ಅಥವಾ ಬೇರೆಬೇರೆಯಾಗಿ ಸಮಾಲೋಚನೆಗೆ ಕಳಿಸಬಹುದು. ಹೇಗೆ ನಡೆಸಬೇಕೆಂಬುದು 2006ರ ನಿಯಮಗಳಲ್ಲಿದೆ. ಸಮಾಲೋಚಕರು ಸಾಧ್ಯವಾದಷ್ಟೂ ಮಹಿಳೆಯರೇ ಆಗಿರಬೇಕು, ಯಾವ ಕಡೆಯವರಿಗೂ ಬಳಗವಾಗಿರಬಾರದು. ಕೂಡುವ ಜಾಗ ನೊಂದವಳಿಗೆ ಅನುಕೂಲವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಡೆದದ್ದಕ್ಕೆ ಯಾವ ಸಮರ್ಥನೆಯೂ ಅಲ್ಲಿ ನಡೆಯದೆಂದು ಗಂಡನಿಗೆ ಮೊದಲೇ ತಿಳಿಸಬೇಕು. ಊಟ ತಡವಾಯಿತು, ಹೇಳದೆ ತವರಿಗೆ ಹೋದಳು, ಎದುರು ಮಾತಾಡಿದಳು ಎಂಬ ಕಾರಣಗಳನ್ನು ಕಟ್ಟೆ ತೂಗಿ ನೋಡುತ್ತಿತ್ತು. ಸಮಾಲೋಚನೆಯ ಕೋಣೆ ಅವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಇನ್ನು ಮುಂದೆ ಕೈ ಎತ್ತುವುದಿಲ್ಲವೆಂದು ಅವನು ಮುಚ್ಚಳಿಕೆ ಕೊಡಬೇಕು. ರಾಜಿಯ ಮಾತು ಶುರುವಾಗುವುದು ಅವಳು ಬಯಸಿದರೆ ಮಾತ್ರ. ನಮ್ಮ ಕೌಟುಂಬಿಕ ಕಾನೂನಿನಲ್ಲಿ ಇಷ್ಟು ಮಾನವೀಯವಾದ ನಿಯಮ ವಿರಳ. ತಾಳಿ ಉಳಿಸುವ ಆತುರದಲ್ಲಿ ಇದನ್ನು ಮರೆತರೆ ಸಮಾಲೋಚನೆಯೂ ಇನ್ನೊಂದು ಕಟ್ಟೆಯಾಗುತ್ತದೆ.

ಹಿಂಸೆಯಿಲ್ಲದ ವಿರಸಗಳಿಗೆ ನ್ಯಾಯಾಲಯದ ಮಧ್ಯಸ್ಥಿಕೆಯಿದೆ. 40 ಗಂಟೆಗಳ ತರಬೇತಿ ಪಡೆದ ಮಧ್ಯಸ್ಥರು ಇಬ್ಬರನ್ನೂ ಒಟ್ಟಿಗೆ, ಬಳಿಕ ಒಬ್ಬೊಬ್ಬರನ್ನೇ ಕೇಳುತ್ತಾರೆ. ಅಲ್ಲಿ ಆಡಿದ ಮಾತು ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಬರುವಂತಿಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಹಾರ ಬದಲಿಸಿಕೊಂಡು ಮತ್ತೆ ಒಂದಾದ ದಂಪತಿಯ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಅದರ ಹಿಂದಿನ ತಾಳ್ಮೆಯ ಬೈಠಕುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೊರತೆ ಕಾನೂನಿನದಲ್ಲ, ಅದನ್ನು ಜನರಿಗೆ ಮುಟ್ಟಿಸುವ ವ್ಯವಸ್ಥೆಯದು. ಕೌಟುಂಬಿಕ ನ್ಯಾಯಾಲಯವಿರುವುದು ಬೆಳಗಾವಿಯಲ್ಲಿ. ಕಬ್ಬು ಕಡಿಯುವ ಹೆಂಗಸಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲೆ ಅಂಗನವಾಡಿಗಳ ಭಾರವೂ ಇದೆ. ಕಟ್ಟೆಯ ಹಿರಿಯರು ಹಿಂದಿನಷ್ಟು ಸಿಗುತ್ತಿಲ್ಲ, ಮಾತು ಕೇಳುವ ಕಿರಿಯರೂ ಇಲ್ಲ. ಮೂರೂ ತಾಲ್ಲೂಕುಗಳಿಗೆ ತಲಾ ಒಬ್ಬ ಪೂರ್ಣಾವಧಿ ಆಪ್ತಸಮಾಲೋಚಕಿಯನ್ನು ಕೊಡುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ.

ಕಾನೂನು ನೆರವು ಪಡೆಯಲು ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರನ್ನು ಉಚಿತವಾಗಿ ಒದಗಿಸುತ್ತಾರೆ. ಕಾನೂನು ನೆರವಿನ ದೂರವಾಣಿ 15100. ಮಹಿಳಾ ಸಹಾಯವಾಣಿ 181.