ಹಳೆಯ ಜೀಪಿನ ನಾಡಿಪರೀಕ್ಷೆ

ಬೈಲಹೊಂಗಲದ ಎರೆಭೂಮಿಯಲ್ಲಿ ಎರಡು ಹದಮಳೆ ಬಿದ್ದ ಮೇಲೆ ಹೊಲದ ದಾರಿಯನ್ನು ತುಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದೊಂದು ಕಾಲೂ ಸೇರು ಮಣ್ಣನ್ನು ಹೊತ್ತುಕೊಂಡಿರುತ್ತದೆ. ಈ ಮಣ್ಣಿನಲ್ಲಿರುವ ಜೇಡಿ ಖನಿಜವು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬಿ ಅಂಟಾಗುವುದೇ ಇದಕ್ಕೆ ಕಾರಣ. ಪಶ್ಚಿಮಕ್ಕೆ ಕಿತ್ತೂರಿನ ಕಡೆ ಮಳೆ ಇನ್ನೂ ಹೆಚ್ಚು. ಪೂರ್ವಕ್ಕೆ ಸವದತ್ತಿಯ ಗುಡ್ಡಗಳನ್ನು ದಾಟಿ ರಾಮದುರ್ಗದತ್ತ ಹೋದರೆ ಕಲ್ಲು, ಧೂಳು, ಬಿಸಿಲು. ಹೀಗಿರುವಲ್ಲಿ ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಹಂಚಬಲ್ಲ ಹಳೆಯ ಜೀಪಿಗೆ ಇಂದಿಗೂ ಗಿರಾಕಿಗಳಿರುವುದು ಆಶ್ಚರ್ಯವಲ್ಲ. ಆದರೆ ಹಳೆಯ ಜೀಪನ್ನು ಕೊಳ್ಳುವುದು ಸುಲಭ. ಅದರ ರೋಗವನ್ನು ಸರಿಯಾಗಿ ಗುರುತಿಸುವುದು ಕಷ್ಟ. ನಿದಾನ ತಪ್ಪಿದರೆ ಕೊಂಡ ಬೆಲೆಯಷ್ಟೇ ಹಣ ಬಿಡಿಭಾಗಗಳಿಗೆ ಸುರಿದೀತು.

ಈ ವಾಹನದ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕೆಯ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾದ ನಮ್ಮ ದೇಶದ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ನಮ್ಮ ಕಡೆ ಕಾಣಸಿಗುವ ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪು 1953ರಲ್ಲಿ ಬಂದ ಸಿಜೆ-3ಬಿ ಎಂಬ ಮಾದರಿಯ ಸಂತಾನ. ಅದರ ಎಂಜಿನ್ನಿನಲ್ಲಿ ಒಳಹೀರುವ ಕವಾಟಗಳು ತಲೆಯ ಮೇಲೆಯೂ ಹೊರದೂಡುವ ಕವಾಟಗಳು ಪಕ್ಕದಲ್ಲಿಯೂ ಇರುವುದರಿಂದ ಎಂಜಿನ್ನು ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಅನಂತರ ಬಂದ ಎಂಎಂ-540 ಮುಂತಾದವುಗಳಲ್ಲಿ ಪ್ಯೂಜೋ ವಿನ್ಯಾಸದ 2112 ಘನ ಸೆಂಟಿಮೀಟರಿನ ಡೀಸೆಲ್ ಎಂಜಿನ್ನು ಇರುತ್ತದೆ. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನನ್ನು ಕೂರಿಸಿದ ಉದಾಹರಣೆಗಳೂ ಬಹಳ. ಆದುದರಿಂದ ಕೊಳ್ಳುವವರು ಬಾನೆಟ್ಟನ್ನು ಎತ್ತಿ, ಎಂಜಿನ್ನಿನ ಸಂಖ್ಯೆಯನ್ನು ನೋಂದಣಿ ಪುಸ್ತಕದೊಡನೆ ತಾಳೆ ನೋಡಲೇಬೇಕು. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಸಂಖ್ಯೆ ತಾಳೆಯಾಗದ ಜೀಪು ಅಲ್ಲಿ ನಿಂತುಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಜೀಪಿನ ಆಕಾರವುಳ್ಳದ್ದೆಲ್ಲ ನಾಲ್ಕು ಗಾಲಿಗಳಿಂದ ಎಳೆಯುವುದಿಲ್ಲ. ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿಯುಳ್ಳ ಜೀಪುಗಳೂ ಬಹಳ ಮಾರಾಟವಾಗಿವೆ. ನಾಲ್ಕು ಗಾಲಿಯದೇ ಆಗಿದ್ದರೂ ಇಂಧನ ಉಳಿಸಲೆಂದು ಹಿಂದಿನ ಯಜಮಾನರು ಮುಂದಿನ ಶಾಫ್ಟನ್ನು ಕಳಚಿ ಮೂಲೆಗೆ ಎಸೆದಿರುವುದುಂಟು. ನೆಲಕ್ಕೆ ಬಾಗಿ ನೋಡಬೇಕು. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಸನ್ನೆಯನ್ನು ಹಾಕಿ ಮುಂದಿನ ಗಾಲಿಗಳು ಮಣ್ಣನ್ನು ಕೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು.

ಈ ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಮಾಡಕೂಡದು. ಏಕೆಂಬುದನ್ನು ವಿವರಿಸಬೇಕಾಗಿದೆ. ಸಿಜೆ-3ಬಿಯಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 80 ಅಂಗುಲ, ಎಂದರೆ ಸುಮಾರು 2 ಮೀಟರ್. ಹಿಂದಿನ ಅಚ್ಚಿನ ನಡುಭಾಗವು 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಒಂದು ಸುತ್ತು ಬಂದಿತೆಂದು ಭಾವಿಸೋಣ. ಅದು ಕ್ರಮಿಸಿದ ದಾರಿ 31.4 ಮೀಟರ್. ಮುಂದಿನ ಅಚ್ಚಿನ ನಡುಭಾಗವು 5.4 ಮೀಟರ್ ತ್ರಿಜ್ಯದ ದೊಡ್ಡ ವೃತ್ತದಲ್ಲಿ ಸುತ್ತುವುದರಿಂದ ಅದರ ದಾರಿ 33.9 ಮೀಟರ್. ಒಂದೇ ಸುತ್ತಿನಲ್ಲಿ ಎರಡೂವರೆ ಮೀಟರಿನ ವ್ಯತ್ಯಾಸ! ಗಾಲಿಯ ಪರಿಧಿಯೇ ಸುಮಾರು 2.25 ಮೀಟರ್. ಮುಂದಿನ ಗಾಲಿಗಳು ಒಂದಕ್ಕಿಂತ ಹೆಚ್ಚು ಸುತ್ತನ್ನು ಅಧಿಕವಾಗಿ ತಿರುಗಬೇಕು. ಆದರೆ ಸನ್ನೆ ಹಾಕಿದಾಗ ಈ ಜೀಪಿನ ಮುಂದಿನ ಹಿಂದಿನ ಶಾಫ್ಟುಗಳೆರಡೂ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಮಣ್ಣಿನಲ್ಲಾದರೆ ಗಾಲಿ ತುಸು ಜಾರಿ ಲೆಕ್ಕವನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದೆ ಶಾಫ್ಟು, ಹಲ್ಲುಗಾಲಿಗಳು ಹಗ್ಗದಂತೆ ಹುರಿಗೊಳ್ಳುತ್ತವೆ, ಸ್ಟಿಯರಿಂಗು ಜಡವಾಗುತ್ತದೆ, ಸನ್ನೆ ಹಿಂದಕ್ಕೆ ಬರಲು ಒಪ್ಪುವುದಿಲ್ಲ. ಇಂತಹ ಜೀಪನ್ನು ಗೇರುಪೆಟ್ಟಿಗೆ ಕೆಟ್ಟಿದೆಯೆಂದು ಬಿಚ್ಚಿಸಿದವರನ್ನು ನಾವು ಕಂಡಿದ್ದೇವೆ. ಸ್ವಲ್ಪ ದೂರ ಹಿಮ್ಮುಖವಾಗಿ ನಡೆಸಿದ್ದರೆ ಹುರಿ ಬಿಚ್ಚಿ ಸನ್ನೆ ತಾನಾಗಿ ಬರುತ್ತಿತ್ತು. ಹಿಂದೆ ಹೊಸ ಟಯರು, ಮುಂದೆ ಸವೆದ ಟಯರು ಹಾಕಿದರೂ ನೇರ ದಾರಿಯಲ್ಲಿಯೇ ಇದೇ ಪೀಡೆ. ತ್ರಿಜ್ಯದಲ್ಲಿ ಒಂದು ಸೆಂಟಿಮೀಟರಿನ ಭೇದವಿದ್ದರೆ ಕಿಲೋಮೀಟರಿಗೆ ಸುಮಾರು 28 ಮೀಟರಿನ ಜಗಳ ನಡೆಯುತ್ತದೆ.

ಈಗ ಎಂಜಿನ್ನಿಗೆ ಬರೋಣ. ನಾವು ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಪೆಟ್ರೋಲ್ ಜೀಪನ್ನು ಕೊಂಡು, ಮೇ ತಿಂಗಳಿನ ಒಂದು ಮಧ್ಯಾಹ್ನ ಸವದತ್ತಿಯಿಂದ ರಾಮದುರ್ಗಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಏರಿನಲ್ಲಿ ಎಂಜಿನ್ನು ಕೆಮ್ಮಿ ನಿಂತಿತು. ಅರ್ಧ ಗಂಟೆ ಬೇವಿನ ನೆರಳಲ್ಲಿ ಕುಳಿತೆವು. ಏನೂ ಆಗಿಲ್ಲವೆಂಬಂತೆ ಹೊರಟಿತು. ಎಂಟು ಕಿಲೋಮೀಟರ್ ನಡೆದು ಮತ್ತೆ ನಿಂತಿತು. ಮಿಸ್ತ್ರಿಯೊಬ್ಬರು ಕಾಯಿಲ್ ಬಿಸಿಯಾಗುತ್ತದೆ ಎಂದರು, ಬದಲಿಸಿದೆವು. ಮುಂದಿನ ವಾರ ಮತ್ತೆ ನಿಂತಿತು. ಕಂಡೆನ್ಸರು ಎಂದರು, ಅದೂ ಹೊಸದಾಯಿತು. ಮತ್ತೆ ನಿಂತಿತು. ಕಾರ್ಬುರೇಟರಿಗೆ ಹಣ ಕೊಡಲು ಹೊರಟಾಗ ಹಿರಿಯ ಮಿಸ್ತ್ರಿಯೊಬ್ಬರು ಕೇಳಿದ ಒಂದೇ ಪ್ರಶ್ನೆ ನಮ್ಮ ಕಣ್ಣು ತೆರೆಸಿತು: “ನಿಂತಾಗ ಕಿಡಿ ಬರ್ತದೋ ಇಲ್ಲೋ, ನೋಡೀರೇನ್ರೀ?”

ನಾವು ನೋಡಿರಲಿಲ್ಲ. ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ನೋಡಿದ್ದೆವು. ಆಗ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಬಿಸಿಯಾದಾಗ ಮಾತ್ರ ಬರುವ ರೋಗವನ್ನು ಬಿಸಿಯಾಗಿರುವಾಗಲೇ ಪರೀಕ್ಷಿಸಬೇಕು. ಮುಂದಿನ ಸಲ ಜೀಪು ನಿಂತೊಡನೆ ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಸ್ಟಾರ್ಟರನ್ನು ತಿರುಗಿಸಿದೆವು. ನೀಲಿಯ ಬಲವಾದ ಕಿಡಿ ಹಾರಿತು. ಕಾಯಿಲೂ ಕಂಡೆನ್ಸರೂ ನಿರಪರಾಧಿಗಳು. ಆಮೇಲೆ ಕಾಯಿಲಿನ ತಂತಿಯನ್ನು ತೆಗೆದಿಟ್ಟು (ಕಿಡಿಯ ಬಳಿ ಪೆಟ್ರೋಲು ಚೆಲ್ಲಿದರೆ ಜೀಪೂ ನಾವೂ ಉಳಿಯುತ್ತಿರಲಿಲ್ಲ) ಕಾರ್ಬುರೇಟರಿನ ಬಳಿ ಕೊಳವೆಯನ್ನು ಸಡಿಲಿಸಿ ಬಾಟಲಿಗೆ ಹಿಡಿದೆವು. ಸ್ಟಾರ್ಟರು ತಿರುಗಿದಾಗ ಚಿಮ್ಮಬೇಕಾದ ಪೆಟ್ರೋಲಿನ ಬದಲು ಬುಳಬುಳನೆ ಗುಳ್ಳೆಗಳು ಬಂದವು.

ಇದಕ್ಕೆ ಆವಿತಡೆ ಎನ್ನಬಹುದು. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು ನಾಲ್ವತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಜೀಪಿನ ಪೆಟ್ರೋಲ್ ಪಂಪು ಬಿಸಿಯಾದ ಎಂಜಿನ್ನಿನ ಮೈಗೇ ಬಿಗಿದಿರುತ್ತದೆ. ದ್ರವವನ್ನು ಒತ್ತಿದರೆ ಅದು ಮುಂದೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಇದ್ದಲ್ಲಿಯೇ ಕುಗ್ಗುತ್ತದೆ. ಪಂಪು ಎಷ್ಟು ಬಡಿದುಕೊಂಡರೂ ಪೆಟ್ರೋಲು ಮೇಲೇರದು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದೆವು. ಐದು ನಿಮಿಷದಲ್ಲಿ ಜೀಪು ಹೊರಟಿತು. ಆಮೇಲೆ ಕೊಳವೆಯನ್ನು ಎಂಜಿನ್ನಿನಿಂದ ದೂರ ಸರಿಸಿ, ಪಂಪಿಗೂ ಎಂಜಿನ್ನಿಗೂ ನಡುವೆ ಶಾಖವನ್ನು ತಡೆಯುವ ದಪ್ಪ ಬಿಲ್ಲೆಯನ್ನು ಇಡಿಸಿದೆವು. ಎರಡೂ ಸೇರಿ ತಗಲಿದ ವೆಚ್ಚ ಕಾಯಿಲಿನ ಬೆಲೆಗಿಂತ ಕಡಿಮೆ.

2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಯತೊಡಗಿರುವುದು ಹಳೆಯ ಜೀಪಿನವರಿಗೆ ಮತ್ತೊಂದು ಚಿಂತೆ. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕದ ಗಾಳಿ ಬೇಕು. ಎಥೆನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಹಳೆಯ ಕಾರ್ಬುರೇಟರಿಗೆ ಈ ಲೆಕ್ಕ ತಿಳಿಯದು. ಅದು ಹಿಂದಿನಷ್ಟೇ ಗಾಳಿಯನ್ನು ಬೆರೆಸುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ನು ಏರಿನಲ್ಲಿ ತಡವರಿಸುತ್ತದೆ. ಹಳೆಯ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಎಥೆನಾಲಿನಲ್ಲಿ ಮೆತ್ತಗಾಗಿ ಬಿರಿಯುತ್ತವೆ. ಅವುಗಳನ್ನು ಎಥೆನಾಲ್ ತಾಳಿಕೊಳ್ಳುವ ಜಾತಿಯವುಗಳಿಂದ ಬದಲಿಸುವುದು ಅನಾವಶ್ಯಕ ಖರ್ಚಲ್ಲ.

ಟ್ಯೂನಿಂಗ್ ಎಂಬ ಕೆಲಸದಲ್ಲಿ ಕ್ರಮವೇ ಮುಖ್ಯ. ಬಹಳ ಜನ ಮೊದಲು ಕಾರ್ಬುರೇಟರಿನ ತಿರುಪಿಗೆ ಕೈ ಹಾಕುತ್ತಾರೆ. ಅದು ಕಟ್ಟಕಡೆಗೆ ಮುಟ್ಟಬೇಕಾದದ್ದು. ಮೊದಲನೆಯದಾಗಿ ಸಿಲಿಂಡರುಗಳ ಒತ್ತಡವನ್ನು ಅಳೆಯಬೇಕು. ಒಂದರಲ್ಲಿ ಒತ್ತಡ ಕಡಿಮೆಯಿದ್ದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ; ಏರದಿದ್ದರೆ ಕವಾಟ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಇಲ್ಲಿ ದೋಷವಿದ್ದರೆ ಟ್ಯೂನಿಂಗಿಗೆ ಕೊಟ್ಟ ಹಣವೆಲ್ಲ ವ್ಯರ್ಥ. ಅನಂತರ ಟ್ಯಾಪೆಟ್ಟುಗಳು. ಎತ್ತರದ ಬಾನೆಟ್ಟಿನ ಎಂಜಿನ್ನಿಗೆ, ತಣ್ಣಗಿರುವಾಗ, ಒಳಕವಾಟಕ್ಕೆ 0.018 ಅಂಗುಲ, ಹೊರಕವಾಟಕ್ಕೆ 0.016 ಅಂಗುಲ ಸಡಿಲವಿರಬೇಕು. ಟಕಟಕ ಸದ್ದು ಕಿವಿಗೆ ಹಿತವಲ್ಲವೆಂದು ಬಿಗಿ ಮಾಡಬಾರದು. ಹೊರಕವಾಟದ ಶಾಖವು ಬಹುಮಟ್ಟಿಗೆ ಅದು ಮುಚ್ಚಿಕೊಂಡಾಗ ಪೀಠದ ಮೂಲಕ ಇಳಿದುಹೋಗುತ್ತದೆ. ಪೂರ್ತಿ ಮುಚ್ಚದ ಕವಾಟ ಸುಟ್ಟುಹೋಗುತ್ತದೆ.

ಆಮೇಲೆ ಪ್ಲಗ್ಗುಗಳ ಅಂತರ 0.030 ಅಂಗುಲ, ಪಾಯಿಂಟುಗಳ ಅಂತರ 0.020 ಅಂಗುಲ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟುಗಳು ಸೆಕೆಂಡಿಗೆ ನೂರು ಸಲ ತೆರೆಯುತ್ತವೆ. ಅವುಗಳನ್ನು ತಳ್ಳುವ ಚಿಕ್ಕ ಹಿಮ್ಮಡಿ ಸವೆದಂತೆಲ್ಲ ಅಂತರ ಕಿರಿದಾಗಿ ಕಿಡಿ ತಡವಾಗುತ್ತದೆ. ಆದುದರಿಂದ ಪಾಯಿಂಟನ್ನು ಸರಿಪಡಿಸದೆ ಟೈಮಿಂಗ್ ನೋಡುವುದರಲ್ಲಿ ಅರ್ಥವಿಲ್ಲ. ಟೈಮಿಂಗ್ ಮೇಲಿನ ಮೃತಬಿಂದುವಿಗೆ 5 ಡಿಗ್ರಿ ಮೊದಲು. ಕಿಡಿಯ ಸರದಿ 1-3-4-2. ನಿರ್ವಾತಮಾಪಕವನ್ನು ಜೋಡಿಸಿ ನೋಡುವವರು ಒಂದನ್ನು ನೆನಪಿಡಬೇಕು: ನಮ್ಮ ಪ್ರದೇಶವು ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಮುಳ್ಳು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸುಮಾರು ಎರಡು ಅಂಗುಲ ಕೆಳಗೆ ನಿಲ್ಲುವುದು ರೋಗವಲ್ಲ.

ಡೀಸೆಲ್ ಜೀಪಿನಲ್ಲಿ ಕಿಡಿಯ ಗೊಡವೆಯಿಲ್ಲ. ಹೊಗೆಯೇ ಅಲ್ಲಿ ಸಾಕ್ಷಿ. ನೀಲಿ ಹೊಗೆಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬೆಳಗಿನ ಬಿಳಿ ಹೊಗೆಯಾದರೆ ಡೀಸೆಲು ಉರಿಯದೆ ಹೊರಬರುತ್ತಿದೆ. ಕಾಯಿಸುವ ಪ್ಲಗ್ಗುಗಳನ್ನು ನೋಡಬೇಕು. ಕರಿಹೊಗೆಯಾದರೆ ಗಾಳಿ ಸಾಲದು. ಜೋಳದ ರಾಶಿಯ ಕಾಲದಲ್ಲಿ ಗಾಳಿಶೋಧಕವು ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೊತ್ತಿಕೊಂಡು ಕ್ಷಣದಲ್ಲಿ ನಿಂತರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ತಿಳಿದು, ಕೈಪಂಪನ್ನು ಒತ್ತುತ್ತ ಗುಳ್ಳೆ ನಿಲ್ಲುವವರೆಗೆ ಹೊರಗೆ ಬಿಡಬೇಕು.

ಎಂಜಿನ್ನು ಕೆಟ್ಟರೆ ಜೀಪು ನಿಂತುಬಿಡುತ್ತದೆ, ಅಷ್ಟೇ ತೊಂದರೆ. ಬ್ರೇಕು ಕೆಟ್ಟರೆ ಅದು ನಿಲ್ಲಿಸಬೇಕಾದಲ್ಲಿ ನಿಲ್ಲದು. ಹಳೆಯ ಜೀಪುಗಳಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ದ್ರವಮಾರ್ಗ. ಒಂದು ಗಾಲಿಯ ಬಳಿ ಸೋರಿದರೆ ನಾಲ್ಕೂ ಹೋದಂತೆಯೇ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರು ಸೇರಿದ ದ್ರವ ಇಳಿಜಾರಿನಲ್ಲಿ ಬಿಸಿಯೇರಿದಾಗ ಕುದಿದು ಆವಿಯಾಗುತ್ತದೆ. ಪೆಟ್ರೋಲ್ ಪಂಪಿನಲ್ಲಿ ಕಂಡ ಅದೇ ಆವಿ ಇಲ್ಲಿ ಪೆಡಲಿನಡಿಯಲ್ಲಿ ಮೆತ್ತಗೆ ಕುಗ್ಗಿಹೋಗುತ್ತದೆ. ಜಾತ್ರೆಯ ದಿನ ಹತ್ತು ಜನರನ್ನು ತುಂಬಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಇಳಿಯುವ ಜೀಪಿಗೆ ಇದೆಂಥ ಗಂಡಾಂತರ! ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು.

ಕೊನೆಯದಾಗಿ ನೀರಿನ ಮಾತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಭಾಗಗಳನ್ನು ಮುಳುಗಿಸಿದುದು ವಾಚಕರಿಗೆ ನೆನಪಿರಬಹುದು. ಅಂತಹ ನೆರೆಯಲ್ಲಿ ನಿಂತ ವಾಹನಗಳೂ ಒರೆಸಿ ಬಣ್ಣ ಹೊಡೆದುಕೊಂಡು ಮಾರಾಟಕ್ಕೆ ಬರುವುದುಂಟು. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುರಂಧ್ರ ಕಟ್ಟಿದ್ದರೆ ಸೀಲುಗಳ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಆದುದರಿಂದ ಮುಂದಿನ ಹಿಂದಿನ ಡಿಫರೆನ್ಶಿಯಲ್, ಗೇರುಪೆಟ್ಟಿಗೆ, ಅದರ ಹಿಂದಿನ ಟ್ರಾನ್ಸ್‌ಫರ್ ಪೆಟ್ಟಿಗೆ ಈ ನಾಲ್ಕರ ಬಿರಡೆಗಳನ್ನೂ ಬಿಚ್ಚಿ ಎಣ್ಣೆಯನ್ನು ಬೆರಳಿಗೆ ತೆಗೆದು ನೋಡಬೇಕು. ಜೇನಿನ ಬಣ್ಣವಿದ್ದರೆ ಸರಿ. ಹಾಲು ಬೆರೆಸಿದ ಚಹದಂತಿದ್ದರೆ ನೀರು ಸೇರಿದೆ. ಗೇರುಪೆಟ್ಟಿಗೆಯ ಎಣ್ಣೆ ಇಳಿದು ಪಕ್ಕದ ಪೆಟ್ಟಿಗೆಯದು ಏರಿದ್ದರೆ ನಡುವಣ ಸೀಲು ಸವೆದಿದೆಯೆಂದು ತಿಳಿಯುವುದು. ಹೊಳೆ ದಾಟಿಸಿದ ಜೀಪನ್ನು ಒಂದು ರಾತ್ರಿ ಸುಮ್ಮನೆ ನಿಲ್ಲಿಸಿ ಬೆಳಗ್ಗೆ ಕೆಳಗಿನ ಬಿರಡೆಯನ್ನು ತುಸುವೇ ಸಡಿಲಿಸಿದರೆ, ಎಣ್ಣೆಗಿಂತ ಭಾರವಾದ ನೀರು ಮೊದಲು ತೊಟ್ಟಿಕ್ಕುತ್ತದೆ.