ಹೆಂಚಿನ ಸಂದಿನ ಸೂರ್ಯ

ಗಾಂಧಿ ಬಜಾರಿನ ಹೂವಿನ ಸಾಲು ದಾಟಿ, ಹೊಂಗೆ ಹೂ ಅರಳಿನಂತೆ ಉದುರಿಬಿದ್ದ ಅಡ್ಡರಸ್ತೆಗೆ ಹೊರಳಿದರೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಳಿದಿರುವ ಹೆಂಚಿನ ಮನೆಯೊಂದಿದೆ. ಚಪ್ಪಲಿ ಜಗಲಿಯ ಕೆಳಗೆ ಬಿಟ್ಟು ಒಳಗೆ ಬನ್ನಿ. ಏಪ್ರಿಲ್ ಬಿಸಿಲಿನಿಂದ ಬಂದ ಕಣ್ಣಿಗೆ ನಡುಮನೆ ಮೊದಲು ಬರೀ ಕತ್ತಲು. ಇಂಗಿನ ಒಗ್ಗರಣೆಯ ವಾಸನೆ, ಒಳಗೆಲ್ಲೋ ಕುಕ್ಕರಿನ ಸೀಟಿ. ಆಮೇಲೆ ನಿಧಾನವಾಗಿ ಕೆಂಪು ಗಾರೆನೆಲ ಕಾಣುತ್ತದೆ, ಅದರ ಮೇಲೆ ಬೋರಲು ಮಲಗಿದ ಇಬ್ಬರು ಮಕ್ಕಳು ಕಾಣುತ್ತಾರೆ, ಅವರ ಮೂಗಿನ ಮುಂದೆ ಒಂದು ಬಿಸಿಲಿನ ಬಿಲ್ಲೆ.

ಮೇಲೆ ಒಂದು ಹೆಂಚಿನ ಅಂಚು ಮುರಿದಿದೆ. ಸಂದು ಮೂರು ಮೂಲೆಯದು, ನೆಲದ ಬಿಲ್ಲೆ ಮಾತ್ರ ಗುಂಡಗಿದೆ. ಐದು ವರ್ಷದ ಹುಡುಗಿಗೆ ಇದು ಬಗೆಹರಿಯುತ್ತಿಲ್ಲ. ಹಳೆಯ ಲಗ್ನಪತ್ರಿಕೆಯನ್ನು ಬಿಸಿಲುಕೋಲಿಗೆ ಅಡ್ಡ ಹಿಡಿದು ಏಳುತ್ತಾಳೆ, ಕೂರುತ್ತಾಳೆ. ಬಿಲ್ಲೆ ಕಿರಿದಾಗುತ್ತದೆ, ಹಿರಿದಾಗುತ್ತದೆ, ಗುಂಡು ಬಿಡುವುದಿಲ್ಲ. "ಅದು ತೂತಿನ ಚಿತ್ರ ಅಲ್ಲ ಕಣೇ ಪುಟ್ಟಿ, ಸೂರ್ಯಂದು," ಎನ್ನುತ್ತಾರೆ ಹುರುಳಿಕಾಯಿ ನಾರು ತೆಗೆಯುತ್ತಿರುವ ಅಜ್ಜಿ. ಹತ್ತಡಿ ದೂರದ ಸಂದಿನಿಂದ ಇಳಿದ ಸೂರ್ಯ ಒಂದಂಗುಲಕ್ಕಿಂತ ತುಸು ಅಗಲ, ಅಷ್ಟೇ. ಹಂಪೆಯ ವಿರೂಪಾಕ್ಷ ಗುಡಿಯೊಳಗೆ ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದೂ ಹೀಗೆಯೇ, ಸಣ್ಣ ಕಿಂಡಿಯೊಂದರ ಕೆಲಸ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಎಲೆಗಳ ಸಂದಿನಿಂದ ಇಳಿದ ಇಂಥ ಬಿಲ್ಲೆಗಳೆಲ್ಲ ಊರಿನ ಮರಗಳ ಬುಡದಲ್ಲಿ ಬಾಗಿದ ತೆಳು ಎಳೆಗಳಾಗಿದ್ದವು.

ತಮ್ಮನಿಗೆ ಆಕಾರದ ಗೊಡವೆಯಿಲ್ಲ. ಅವನು ಸೀಮೆಸುಣ್ಣದಲ್ಲಿ ಬಿಲ್ಲೆಯ ಸುತ್ತ ಗೆರೆ ಎಳೆದು ಕಾಯುತ್ತಾನೆ. "ಅಜ್ಜೀ, ಓಡೋಯ್ತು!" ನಿಜವೇ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದು ತನ್ನದೇ ಅಗಲದಷ್ಟು ಸರಿದು ಗೆರೆಯಿಂದ ಆಚೆ ಕೂತಿದೆ. ಮತ್ತೊಂದು ಗೆರೆ, ಮತ್ತೊಂದು. ಭೂಮಿ ತಿರುಗುವುದನ್ನು ಮಗುವಿನ ಬೆರಳಿಗೇ ತಾಗಿಸುವ ಇಷ್ಟು ಒಳ್ಳೆಯ ಪಾಠ ನನಗಂತೂ ಬೇರೆ ಗೊತ್ತಿಲ್ಲ.

ಇವತ್ತು ಏಪ್ರಿಲ್ 24, ಹಾಗಾಗಿ ಊಟ ತಡ. ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಅಜ್ಜಿ ಒನಕೆ ನೆಟ್ಟಗೆ ಹಿಡಿದು ನಿಂತಿದ್ದಾರೆ. ಬೆಳಿಗ್ಗೆ ಬಾವಿಕಟ್ಟೆವರೆಗೂ ಚಾಚಿದ್ದ ನೆರಳು ಗೇಣಾಗಿ, ಬೆರಳಾಗಿ, ಗಡಿಯಾರದಲ್ಲಿ 12 ಗಂಟೆ 17 ನಿಮಿಷವಾಗುವ ಹೊತ್ತಿಗೆ ಒನಕೆಯ ಬುಡದಲ್ಲೇ ಅಡಗಿಬಿಟ್ಟಿತು. "ಮೇಲೆ ನೋಡ್ಬೇಡ್ರೋ, ಕಣ್ಣು ಹೋಗತ್ತೆ, ನೆಲ ನೋಡಿ!" ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ನಮ್ಮ ನೆತ್ತಿಯನ್ನು ವರ್ಷಕ್ಕೆ ಎರಡು ಸಲ ಹಾಯುತ್ತಾನೆ, ಇನ್ನೊಮ್ಮೆ ಆಗಸ್ಟ್ 18ರ ಸುಮಾರಿಗೆ. ಆ ನಡುವಿನ ತಿಂಗಳುಗಳಲ್ಲಿ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದಂತೆ ಉತ್ತರಕ್ಕೆ. ದೆಹಲಿಯ ಮಕ್ಕಳಿಗೆ ಇಂಥ ದಿನವೇ ಇಲ್ಲ.

ಸಂಜೆ ಪಕ್ಕದ ಮನೆಯ ಮಕ್ಕಳೂ ಸೇರುತ್ತಾರೆ. ಬಾಗಿಲಿಗೆ ತಾತನ ಬಿಳಿ ಪಂಚೆ ಕಟ್ಟಿ, ಹಿಂದೆ ಸ್ಟೂಲಿನ ಮೇಲೆ ಟಾರ್ಚು ಇಟ್ಟಾಯಿತು. ಅದೇ ಲಗ್ನಪತ್ರಿಕೆ ಈಗ ಹನುಮಂತ, ಬೆನ್ನಿಗೆ ಪೊರಕೆಕಡ್ಡಿ. ನೆರಳು ಕಪ್ಪಾಗಿದೆ ಎಂದು ಹುಡುಗಿಗೆ ಬೇಸರ. ನಮ್ಮ ತೊಗಲುಗೊಂಬೆಯವರು ಮೇಕೆ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ ಬಣ್ಣ ಹಾಕುತ್ತಾರೆ, ಅದಕ್ಕೇ ಅವರ ಪರದೆಯಲ್ಲಿ ನೆರಳೂ ಕೆಂಪು, ಹಸಿರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದದ್ದು ಈ ಕಲೆಯೇ. ಅಜ್ಜಿ ಹನುಮಂತನ ಹೊಟ್ಟೆ ಕತ್ತರಿಸಿ ಕೆಂಪು ಜಿಲಾಟಿನ್ ಕಾಗದ ಅಂಟಿಸಿಕೊಡುತ್ತಾರೆ. ತಮ್ಮ ಗೊಂಬೆಯನ್ನು ಟಾರ್ಚಿನತ್ತ ಒಯ್ದಂತೆ ಹನುಮಂತ ಬೆಳೆದೂ ಬೆಳೆದೂ ಬಾಲ ಪಂಚೆಯ ಅಂಚು ದಾಟಿಹೋಗುತ್ತದೆ. "ಬಾಲ ತೋರ್ಸೋ!" ಎಂದು ಈಚೆಯಿಂದ ಕೂಗು. ಅವನು ಒಂದೊಂದೇ ಹೆಜ್ಜೆ ಪಂಚೆಯ ಕಡೆ ಬರುತ್ತಾನೆ, ಬಾಲ ಸಿಗುವ ಜಾಗ ಹುಡುಕುತ್ತ.