ರೋಗಿಗೆ ಬೋಧನೆ: ಶುಶ್ರೂಷೆಯ ಒಂದು ಅಂಗ

ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವನ್ನೇ ಗುಣವಾದ ದಿನವೆಂದು ಬಗೆಯುವುದು ಲೋಕರೂಢಿ. ಹೃದಯ ವೈಫಲ್ಯದಂತಹ ದೀರ್ಘಕಾಲದ ಬೇನೆಯಲ್ಲಾದರೋ ಚಿಕಿತ್ಸೆಯ ಕಠಿಣ ಭಾಗವು ಮೊದಲಾಗುವುದೇ ಅಂದು. ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದೂಡಲಾರದೆ ಅದು ಸೋಲುವುದು. ಆಗ ಉಪ್ಪು ನೀರುಗಳು ದೇಹದಲ್ಲಿ ತಂಗಿ ಕಾಲುಗಳು ಬಾತುಕೊಳ್ಳುತ್ತವೆ. ಮಲಗಿದರೆ ಉಸಿರು ಕಟ್ಟುತ್ತದೆ. ಔಷಧಿಯಿಂದ ಚೇತರಿಸಿಕೊಂಡವರೂ ಕೆಲವೇ ವಾರಗಳಲ್ಲಿ ಪುನಃ ಆಸ್ಪತ್ರೆ ಸೇರುವುದುಂಟು.

ದಾದಿಯ ಬೋಧನೆಯು ಇದನ್ನು ತಡೆಯಬಲ್ಲುದೇ ಎಂಬುದನ್ನು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯ ಮೈಕೇಲ್ ರಿಚ್ ಹಾಗೂ ಸಹೋದ್ಯೋಗಿಗಳು ಪರೀಕ್ಷಿಸಿ, 1995ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 70 ವರ್ಷ ಹಾಗೂ ಅದಕ್ಕೂ ಮೇಲ್ಪಟ್ಟ 282 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ ದಾದಿಯಿಂದ ರೋಗದ ತಿಳಿವಳಿಕೆ, ಪಥ್ಯದ ಸಲಹೆ, ಔಷಧಿಗಳ ಪುನರ್ವಿಮರ್ಶೆ, ಅನಂತರ ಮನೆ ಭೇಟಿ ಮತ್ತು ದೂರವಾಣಿ ವಿಚಾರಣೆ. ತೊಂಬತ್ತು ದಿನಗಳಲ್ಲಿ ಮೊದಲ ಗುಂಪಿನವರು ಆಸ್ಪತ್ರೆಗೆ ಮರಳಿದ್ದು 94 ಬಾರಿ. ಎರಡನೆಯವರು 53 ಬಾರಿ. ಅವರಲ್ಲಿ 126 ಮಂದಿಯನ್ನು ಏದುಸಿರು, ದಣಿವು, ಮನಸ್ಸಿನ ಸ್ಥಿತಿ, ರೋಗದ ಮೇಲಿನ ಹಿಡಿತ ಇವುಗಳ ಬಗ್ಗೆ ಪ್ರಶ್ನಿಸಿದಾಗ, ಬೋಧನೆ ಪಡೆದವರ ಬಾಳುವೆಯೇ ಹೆಚ್ಚು ಹಗುರವಾಗಿತ್ತು. ಇದನ್ನೇ ಸಂಶೋಧಕರು ಜೀವನದ ಗುಣಮಟ್ಟವೆನ್ನುವುದು. ತಲಾ 460 ಡಾಲರು ವೆಚ್ಚವೂ ಉಳಿಯಿತೆಂಬುದನ್ನು ದಾನಿಗಳು ಗಮನಿಸಬಹುದು.

ಇಲ್ಲಿ ಬೋಧನೆಯೊಂದೇ ಕಾರಣವೆನ್ನಲಾಗದು. ಆದರೆ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ 223 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುಗಡೆಯ ಹೊತ್ತಿಗೆ ದಾದಿಯು ಒಂದು ಗಂಟೆ ಎದುರು ಕುಳಿತು ಕಲಿಸಿದ್ದಷ್ಟೇ ವಿಶೇಷ. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲೆಯ ಸಂಭವವು ಶೇಕಡಾ 35ರಷ್ಟು ತಗ್ಗಿತು.

ಆ ಒಂದು ಗಂಟೆಯಲ್ಲಿ ಕಲಿಸುವುದಾದರೂ ಏನು? ಉಪ್ಪು ಏಕೆ ಕೂಡದು, ನೀರಿಗೇಕೆ ಮಿತಿ, ಪ್ರತಿದಿನ ಬೆಳಿಗ್ಗೆ ತೂಕ ನೋಡುವುದೇಕೆ ಎಂಬಂತಹ ಸಣ್ಣ ಸಂಗತಿಗಳು. ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಉಬ್ಬಸ ಬರುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೊಂಡ ಗುಳಿಗೆಗಳಲ್ಲಿ ಹಲವು ಉಪ್ಪು ನೀರನ್ನು ಇನ್ನಷ್ಟು ತಡೆಹಿಡಿಯುತ್ತವೆ. ಊಟಕ್ಕೆ ಉಪ್ಪು ಬಿಟ್ಟೆನೆನ್ನುವ ನಮ್ಮ ಹಿರಿಯರು ಉಪ್ಪಿನಕಾಯಿ, ಹಪ್ಪಳಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ!

ಎಲ್ಲ ಅಧ್ಯಯನಗಳೂ ಹೀಗೆಯೇ ಫಲಿಸಿಲ್ಲ. ನೆದರ್ಲೆಂಡ್ಸಿನಲ್ಲಿ 1023 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಾದಿಯರ ಹೆಚ್ಚಿನ ನೆರವಿನಿಂದ ಸಾವು ಅಥವಾ ಮರುದಾಖಲೆ ಗಣನೀಯವಾಗಿ ಇಳಿಯಲಿಲ್ಲ. ಅಲ್ಲಿ ಉಳಿದವರಿಗೂ ಹೃದ್ರೋಗ ತಜ್ಞರ ನಿಯತ ತಪಾಸಣೆ ದೊರೆಯುತ್ತಿತ್ತು. ಅಂತಹ ಸೌಕರ್ಯ ವಿರಳವಾದ ಕಡೆಗಳಲ್ಲೇ ದಾದಿಯ ಮಾತಿಗೆ ಬೆಲೆ ಹೆಚ್ಚೆಂದು ನನ್ನ ಎಣಿಕೆ.

ಹೇಳಿದ್ದೆಲ್ಲವೂ ಕಲಿಸಿದಂತಲ್ಲವೆಂಬುದನ್ನು ಅಧ್ಯಾಪಕರು ಬಲ್ಲರು. ಈಗಿನ ದಾದಿಯರು "ತಿಳಿಯಿತೇ?" ಎಂದು ಕೇಳದೆ, "ನಾಳೆ ತೂಕ ಏರಿದ್ದರೆ ಏನು ಮಾಡುವಿರಿ?" ಎಂದು ಕೇಳಲು ತರಬೇತಿ ಪಡೆಯುತ್ತಾರೆ. ಉತ್ತರ ತಡವರಿಸಿದರೆ ಬೇರೆ ಮಾತಿನಲ್ಲಿ ಮತ್ತೆ ವಿವರಿಸಬೇಕು. ಆಗ ಅಡಿಗೆ ಮಾಡುವವರೂ ಪಕ್ಕದಲ್ಲಿರುವುದು ಮೇಲು. ಉಪ್ಪಿನ ಡಬ್ಬಿ ಇರುವುದು ಅವರ ಕೈಯಲ್ಲಿ.